ಪ್ರಾಕ್ಟಿಕಲ್ ನರ್ಸ್‌ಗಳ ಮರುಕಲಿಕೆ: ಎರಡು ದರ್ಜೆಗಳ ನಡುವಿನ ದಾರಿಯ ಚರಿತ್ರೆ

ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳಲ್ಲಿ ನರ್ಸ್ ಎಂಬ ಒಂದೇ ಹೆಸರಿನಡಿ ಎರಡು ದರ್ಜೆಯವರು ದುಡಿಯುತ್ತಾರೆ. ಒಬ್ಬರು ರಿಜಿಸ್ಟರ್ಡ್ ನರ್ಸ್, ಮತ್ತೊಬ್ಬರು ಪ್ರಾಕ್ಟಿಕಲ್ ನರ್ಸ್. ಹಾಸಿಗೆಯಲ್ಲಿ ಮಲಗಿದ ರೋಗಿಗೆ ಇಬ್ಬರಲ್ಲಿ ವ್ಯತ್ಯಾಸ ಕಾಣುವುದು ಕಷ್ಟ. ಗುಳಿಗೆ ಕೊಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಬಿ.ಪಿ. ನೋಡುವುದು, ಮೂತ್ರನಳಿಕೆ ಹಾಕುವುದು ಇಬ್ಬರಿಗೂ ದಿನನಿತ್ಯದ ಕೆಲಸ. ಕಾನೂನಿನ ಕಣ್ಣಿಗೆ ಮಾತ್ರ ಇಬ್ಬರೂ ಬೇರೆ. ಹೊಸದಾಗಿ ಬಂದ ರೋಗಿಯ ಸ್ಥಿತಿಯನ್ನು ಮೊದಲ ಬಾರಿಗೆ ಅಳೆದು ಆರೈಕೆಯ ಯೋಜನೆ ಬರೆಯುವುದು, ಕೆಲವು ಔಷಧಗಳನ್ನು ನೇರವಾಗಿ ರಕ್ತನಾಳಕ್ಕೆ ಕೊಡುವುದು, ಇತರರ ಕೆಲಸದ ಮೇಲ್ವಿಚಾರಣೆ ಮಾಡುವುದು ಇವು ಬಹುಪಾಲು ಕಡೆ ರಿಜಿಸ್ಟರ್ಡ್ ನರ್ಸ್‌ಗೆ ಮೀಸಲು. ಅಮೆರಿಕದಲ್ಲಿ ಪ್ರಾಕ್ಟಿಕಲ್ ನರ್ಸ್‌ನ ಓದು ಸುಮಾರು ಒಂದು ವರ್ಷದ್ದು. ರಿಜಿಸ್ಟರ್ಡ್ ನರ್ಸ್ ಆಗಲು ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷವಾದರೂ, ವಿಶ್ವವಿದ್ಯಾಲಯದಲ್ಲಾದರೆ ನಾಲ್ಕು ವರ್ಷವೂ ಓದಬೇಕು. ಕೆಳಗಿನ ದರ್ಜೆಯಲ್ಲಿ ಹತ್ತಾರು ವರ್ಷ ದುಡಿದವರು ಮತ್ತೆ ತರಗತಿಗೆ ಮರಳಿ ಮೇಲಿನ ದರ್ಜೆಗೆ ಏರುವ ರೂಢಿಗೆ ಈಗ ಸುಮಾರು ಅರ್ಧ ಶತಮಾನ ತುಂಬಿದೆ. ಆ ದಾರಿಯನ್ನು ಯಾರೂ ಮೊದಲೇ ಯೋಚಿಸಿ ಹಾಕಿದ್ದಲ್ಲ. ನರ್ಸ್‌ಗಳ ಕೊರತೆ ಬಂದಾಗಲೆಲ್ಲ ಕೆಳದರ್ಜೆಯನ್ನು ಹಿಗ್ಗಿಸಿದರು, ಕೊರತೆ ತಗ್ಗಿದಾಗ ಅದನ್ನೇ ಕುಗ್ಗಿಸಿದರು. ಆ ಎಳೆದಾಟದ ನಡುವೆ ನಡೆದೂ ನಡೆದೂ ಸವೆದು ಮೂಡಿದ ಕಾಲುದಾರಿ ಅದು.

ಎರಡು ದರ್ಜೆಗಳ ಬೇರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿದೆ. ಫ್ಲಾರೆನ್ಸ್ ನೈಟಿಂಗೇಲ್ ಅವರ ಮಾದರಿಯ ತರಬೇತಿ ಶಾಲೆಗಳು ಅಮೆರಿಕದಲ್ಲಿ 1873ರಲ್ಲಿ ನ್ಯೂಯಾರ್ಕ್, ನ್ಯೂ ಹೇವನ್ ಮತ್ತು ಬಾಸ್ಟನ್ ನಗರಗಳಲ್ಲಿ ತೆರೆದವು. ಕೆನಡಾದಲ್ಲಿ 1874ರಲ್ಲಿ ಒಂಟಾರಿಯೋದ ಸೇಂಟ್ ಕ್ಯಾಥರೀನ್ಸ್ ಪಟ್ಟಣದಲ್ಲಿ ಮ್ಯಾಕ್ ತರಬೇತಿ ಶಾಲೆ ಶುರುವಾಯಿತು. ಈ ಶಾಲೆಗಳಿಂದ ಹೊರಬಂದವರು ‘ತರಬೇತಾದ ನರ್ಸ್’ ಎನಿಸಿಕೊಂಡರು. ಆದರೆ ಆ ಕಾಲದಲ್ಲಿ ಬಹುಪಾಲು ರೋಗಿಗಳು ಆಸ್ಪತ್ರೆಗೆ ಹೋಗುತ್ತಲೇ ಇರಲಿಲ್ಲ. ಬಾಣಂತಿ, ಕೂಸು, ಹಾಸಿಗೆ ಹಿಡಿದ ಮುದುಕರು ಎಲ್ಲರ ಆರೈಕೆಯೂ ಮನೆಯಲ್ಲೇ ನಡೆಯಬೇಕಿತ್ತು. ತರಬೇತಾದ ನರ್ಸ್‌ನ ದಿನಗೂಲಿ ಕೊಡುವ ಶಕ್ತಿ ಸಾಮಾನ್ಯರ ಮನೆಗಳಿಗೆ ಇರಲಿಲ್ಲ. ಆ ಜಾಗ ತುಂಬಿದವರು ಅನುಭವದಿಂದಲೇ ಕಲಿತ ಹೆಂಗಸರು, ಅವರಲ್ಲಿ ಹಲವರು ವಿಧವೆಯರು. ‘ಪ್ರಾಕ್ಟಿಕಲ್’ ಎಂಬ ವಿಶೇಷಣ ಅವರ ಆ ರೂಢಿಯ ಕಲಿಕೆಯನ್ನೇ ಸೂಚಿಸುತ್ತಿತ್ತು.

ಇವರಿಗೂ ಒಂದಿಷ್ಟು ಪಾಠ ಹೇಳಬೇಕೆಂಬ ಮೊದಲ ಪ್ರಯತ್ನ ನಡೆದದ್ದು 1890ರ ದಶಕದಲ್ಲಿ, ನ್ಯೂಯಾರ್ಕಿನ ವೈಡಬ್ಲ್ಯುಸಿಎ ಸಂಸ್ಥೆಯಲ್ಲಿ. ಮೂರು ತಿಂಗಳ ಆ ತರಗತಿಗಳಲ್ಲಿ ಮಕ್ಕಳ, ವೃದ್ಧರ ಮತ್ತು ದೀರ್ಘ ಕಾಯಿಲೆಯವರ ಆರೈಕೆಯ ಜೊತೆಗೆ ಪಥ್ಯದ ಅಡುಗೆಯನ್ನೂ ಕಲಿಸುತ್ತಿದ್ದರು. ಅದರಿಂದ ಬೆಳೆದದ್ದೇ ಬ್ಯಾಲಾರ್ಡ್ ಶಾಲೆ. 1907ರಲ್ಲಿ ವರ್ಮಾಂಟ್ ರಾಜ್ಯದ ಬ್ರ್ಯಾಟಲ್‌ಬರೋದಲ್ಲಿ ಥಾಂಪ್ಸನ್ ಶಾಲೆ ಬಂತು, 1918ರಲ್ಲಿ ಬಾಸ್ಟನ್ನಿನಲ್ಲಿ ಇನ್ನೊಂದು. ಇಷ್ಟರಲ್ಲಿ ತರಬೇತಾದ ನರ್ಸ್‌ಗಳು ತಮ್ಮ ಹೆಸರಿಗೆ ಕಾನೂನಿನ ರಕ್ಷಣೆ ಗಳಿಸತೊಡಗಿದ್ದರು. 1903ರಲ್ಲಿ ನಾರ್ತ್ ಕ್ಯಾರೊಲಿನಾ ಮೊದಲ ನೋಂದಣಿ ಕಾಯ್ದೆ ತಂದಿತು. ಅದೇ ವರ್ಷ ನ್ಯೂಜರ್ಸಿ, ನ್ಯೂಯಾರ್ಕ್, ವರ್ಜೀನಿಯಾ ಹಿಂಬಾಲಿಸಿದವು. ಪ್ರಾಕ್ಟಿಕಲ್ ನರ್ಸ್‌ಗಳಿಗೆ ಪರವಾನಗಿ ಕೊಡುವ ಕಾನೂನನ್ನು 1914ರಲ್ಲಿ ಮಿಸಿಸಿಪಿ ಮೊದಲು ತಂದರೂ ಉಳಿದ ರಾಜ್ಯಗಳು ಬಹುಕಾಲ ಸುಮ್ಮನಿದ್ದವು.

1923ರಲ್ಲಿ ಜೋಸೆಫಿನ್ ಗೋಲ್ಡ್‌ಮಾರ್ಕ್ ಸಿದ್ಧಪಡಿಸಿದ ವರದಿ ನರ್ಸಿಂಗ್ ಶಿಕ್ಷಣದ ಎರಡು ತುದಿಗಳನ್ನೂ ಒಟ್ಟಿಗೆ ಮುಟ್ಟಿತು. ನರ್ಸಿಂಗ್ ಓದು ಆಸ್ಪತ್ರೆಯ ಬಿಟ್ಟಿ ದುಡಿಮೆಯಿಂದ ಬಿಡಿಸಿಕೊಂಡು ವಿಶ್ವವಿದ್ಯಾಲಯಕ್ಕೆ ಸೇರಬೇಕು ಎಂದಿತು. ಅದೇ ಉಸಿರಿನಲ್ಲಿ, ಕಡಿಮೆ ತರಬೇತಿಯ ಸಹಾಯಕ ದರ್ಜೆಯೊಂದಕ್ಕೂ ಕಾನೂನಿನ ಮಾನ್ಯತೆ ಇರಲಿ ಎಂದಿತು. ಯೇಲ್ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆ ಆ ವರ್ಷವೇ ಆರಂಭವಾಯಿತು. ಕೆಳದರ್ಜೆಯಿಂದ ಮೇಲ್ದರ್ಜೆಗೆ ಹೋಗುವುದು ಹೇಗೆಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತಲಿಲ್ಲ. ಎರಡೂ ಕಟ್ಟಡಗಳನ್ನು ಬೇರೆ ಬೇರೆಯಾಗಿ ಕಟ್ಟಿದರು, ನಡುವೆ ಮೆಟ್ಟಿಲು ಇಡಲಿಲ್ಲ. ಮುಂದಿನ ಐವತ್ತು ವರ್ಷದ ತೊಂದರೆಗಳೆಲ್ಲ ಇಲ್ಲಿಂದಲೇ ಹೊರಟವು ಎಂದರೆ ತಪ್ಪಲ್ಲ.

ನ್ಯೂಯಾರ್ಕ್ 1938ರಲ್ಲಿ ತಂದ ಕಾಯ್ದೆ ಹಣ ಪಡೆದು ನರ್ಸಿಂಗ್ ಮಾಡುವ ಪ್ರತಿಯೊಬ್ಬರೂ ಎರಡು ದರ್ಜೆಗಳಲ್ಲಿ ಒಂದರ ಪರವಾನಗಿ ಹೊಂದಿರಲೇಬೇಕೆಂದು ವಿಧಿಸಿತು. ಎರಡನೆಯ ಮಹಾಯುದ್ಧ ಬಂದು ಅದರ ಜಾರಿ ಮುಂದಕ್ಕೆ ಹೋಯಿತು. ಸಾವಿರಾರು ರಿಜಿಸ್ಟರ್ಡ್ ನರ್ಸ್‌ಗಳು ಸೈನ್ಯಕ್ಕೆ ಹೋದಾಗ ಊರ ಆಸ್ಪತ್ರೆಗಳ ವಾರ್ಡುಗಳನ್ನು ಹಿಡಿದು ನಿಲ್ಲಿಸಿದವರು ಪ್ರಾಕ್ಟಿಕಲ್ ನರ್ಸ್‌ಗಳು. ಅಲ್ಲಿಯವರೆಗೆ ಮನೆಗಳಲ್ಲೇ ದುಡಿದಿದ್ದ ಈ ದರ್ಜೆ ಆಸ್ಪತ್ರೆಯೊಳಗೆ ಕಾಲಿಟ್ಟು ನೆಲೆ ನಿಂತದ್ದು ಆಗಲೇ. 1941ರಲ್ಲಿ ಅವರ ಶಿಕ್ಷಣಕ್ಕಾಗಿ ರಾಷ್ಟ್ರೀಯ ಸಂಘವೊಂದು ಹುಟ್ಟಿತು, 1949ರಲ್ಲಿ ಪರವಾನಗಿ ಪಡೆದ ಪ್ರಾಕ್ಟಿಕಲ್ ನರ್ಸ್‌ಗಳದ್ದೇ ಒಕ್ಕೂಟ ಬಂತು. ಯುದ್ಧ ಮುಗಿದ ಮೇಲೆ ಒಂದೊಂದೇ ರಾಜ್ಯ ಪರವಾನಗಿ ಕಾಯ್ದೆ ತಂದು, 1950ರ ದಶಕದ ಮಧ್ಯದ ಹೊತ್ತಿಗೆ ದೇಶವೆಲ್ಲ ಅದರ ವ್ಯಾಪ್ತಿಗೆ ಬಂತು. ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಸ್ ಮಾತ್ರ ಇವರನ್ನು ವೊಕೇಷನಲ್ ನರ್ಸ್ ಎಂದು ಕರೆದವು, ಈಗಲೂ ಹಾಗೆಯೇ ಕರೆಯುತ್ತವೆ.

ಕಾಯ್ದೆ ಬರುವ ಮೊದಲೇ ವರ್ಷಗಟ್ಟಲೆ ದುಡಿದಿದ್ದವರನ್ನು ಏನು ಮಾಡುವುದೆಂಬ ಪ್ರಶ್ನೆ ಎದ್ದಾಗ ರಾಜ್ಯಗಳು ಅವರಿಗೆ ಓದಿನ ವಿನಾಯಿತಿ ನೀಡಿ ಅನುಭವದ ಬಲದ ಮೇಲೆಯೇ ಪರವಾನಗಿ ಕೊಟ್ಟವು. ಅನುಭವವೂ ವಿದ್ಯೆಯೇ ಎಂದು ಈ ವೃತ್ತಿಯ ಕಾನೂನು ಒಪ್ಪಿಕೊಂಡ ಅಪರೂಪದ ಗಳಿಗೆ ಅದು. ಕೆಳದರ್ಜೆಯೊಳಗೆ ಬರಲು ಸಲ್ಲುವ ಅನುಭವ ಅಲ್ಲಿಂದ ಮೇಲಕ್ಕೆ ಹೋಗಲು ಮಾತ್ರ ಸಲ್ಲಲಿಲ್ಲ. ಇಪ್ಪತ್ತು ವರ್ಷ ವಾರ್ಡಿನಲ್ಲಿ ದುಡಿದ ಪ್ರಾಕ್ಟಿಕಲ್ ನರ್ಸ್ ರಿಜಿಸ್ಟರ್ಡ್ ನರ್ಸ್ ಆಗಬಯಸಿದರೆ ಹದಿನೆಂಟರ ಹುಡುಗಿಯ ಪಕ್ಕದಲ್ಲಿ ಕುಳಿತು, ಹಾಸಿಗೆ ಹಾಸುವ ಪಾಠದಿಂದಲೇ ಆರಂಭಿಸಬೇಕಿತ್ತು. ಈ ಅನ್ಯಾಯದ ಹೊರೆ ಎಲ್ಲರ ಮೇಲೂ ಒಂದೇ ಸಮ ಬೀಳಲಿಲ್ಲ. ಹಲವು ಆಸ್ಪತ್ರೆಗಳ ನರ್ಸಿಂಗ್ ಶಾಲೆಗಳು ಕಪ್ಪು ಜನಾಂಗದ ಮಹಿಳೆಯರಿಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅವರಲ್ಲಿ ಅನೇಕರಿಗೆ ತೆರೆದಿದ್ದದ್ದು ಪ್ರಾಕ್ಟಿಕಲ್ ನರ್ಸಿಂಗ್ ಒಂದೇ.

ನಡುವಿನ ಮೆಟ್ಟಿಲು ಬಂದದ್ದು ಬೇರೊಂದು ಉದ್ದೇಶದಿಂದ. ಮಿಲ್ಡ್ರೆಡ್ ಮೊಂಟ್ಯಾಗ್ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಮಂಡಿಸಿದ ಪ್ರಬಂಧ 1951ರಲ್ಲಿ ಪ್ರಕಟವಾಯಿತು. ಎರಡು ವರ್ಷದಲ್ಲಿ ತಯಾರಾಗುವ ‘ನರ್ಸಿಂಗ್ ತಂತ್ರಜ್ಞೆ’ಯೊಬ್ಬಳನ್ನು ಅವರು ಅದರಲ್ಲಿ ಕಲ್ಪಿಸಿದ್ದರು. 1952ರಿಂದ ಏಳು ಕಾಲೇಜುಗಳಲ್ಲಿ ಪ್ರಯೋಗ ನಡೆಯಿತು. ಮೊಂಟ್ಯಾಗ್ ಅವರ ಮನಸ್ಸಿನಲ್ಲಿದ್ದದ್ದು ತನ್ನಷ್ಟಕ್ಕೆ ಪೂರ್ತಿಯಾದ ಓದು, ಇನ್ನೊಂದಕ್ಕೆ ಹತ್ತುವ ಮೆಟ್ಟಿಲಲ್ಲ. ಆದರೆ ಈ ಪದವಿ ಪಡೆದವರಿಗೆ ರಿಜಿಸ್ಟರ್ಡ್ ನರ್ಸ್ ಪರೀಕ್ಷೆಗೆ ಕೂರಲು ಅವಕಾಶ ಸಿಕ್ಕಿತು. ಊರೂರಿನ ಕಮ್ಯುನಿಟಿ ಕಾಲೇಜುಗಳಲ್ಲಿ, ಕಡಿಮೆ ಶುಲ್ಕಕ್ಕೆ, ಮನೆಯಿಂದಲೇ ಹೋಗಿಬಂದು ಕಲಿಯಬಹುದಾದ ಓದು ಅದು. ಸಂಸಾರ, ಮಕ್ಕಳು, ರಾತ್ರಿ ಪಾಳಿ ಎಲ್ಲವನ್ನೂ ಹೊತ್ತ ಪ್ರಾಕ್ಟಿಕಲ್ ನರ್ಸ್‌ಗೆ ಕೈಗೆಟಕುವ ಮೊದಲ ಬಾಗಿಲು ಇದೇ ಆಯಿತು.

1965ರ ಡಿಸೆಂಬರಿನಲ್ಲಿ ಅಮೆರಿಕನ್ ನರ್ಸಸ್ ಅಸೋಸಿಯೇಷನ್ ತನ್ನ ನಿಲುವನ್ನು ಪ್ರಕಟಿಸಿತು: ನರ್ಸಿಂಗ್ ಶಿಕ್ಷಣವೆಲ್ಲ ಉನ್ನತ ಶಿಕ್ಷಣ ಸಂಸ್ಥೆಗಳಲ್ಲೇ ನಡೆಯಬೇಕು, ವೃತ್ತಿಪರ ನರ್ಸ್‌ಗೆ ನಾಲ್ಕು ವರ್ಷದ ಪದವಿ, ತಾಂತ್ರಿಕ ನರ್ಸ್‌ಗೆ ಎರಡು ವರ್ಷದ ಪದವಿ ಕನಿಷ್ಠವಾಗಬೇಕು. ಆ ನಕ್ಷೆಯಲ್ಲಿ ಒಂದು ವರ್ಷದ ಪ್ರಾಕ್ಟಿಕಲ್ ನರ್ಸಿಂಗ್ ಶಾಲೆಗೆ ಜಾಗವೇ ಇರಲಿಲ್ಲ. ನಿಲುವು ಎಲ್ಲ ಕಡೆ ಕಾನೂನಾಗದಿದ್ದರೂ ಅದರ ನೆರಳು ಉದ್ದವಾಗಿ ಬಿತ್ತು. ಮುಂದೆ 1970 ಮತ್ತು 80ರ ದಶಕಗಳಲ್ಲಿ ಅನೇಕ ಆಸ್ಪತ್ರೆಗಳು ಒಬ್ಬ ರೋಗಿಯ ಪೂರ್ತಿ ಹೊಣೆಯನ್ನು ಒಬ್ಬ ರಿಜಿಸ್ಟರ್ಡ್ ನರ್ಸ್‌ಗೇ ವಹಿಸುವ ಪದ್ಧತಿ ತಂದಾಗ ಪ್ರಾಕ್ಟಿಕಲ್ ನರ್ಸ್‌ಗಳು ವೃದ್ಧಾಶ್ರಮಗಳ ಕಡೆಗೆ, ದೀರ್ಘಕಾಲದ ಆರೈಕೆಯ ಕೇಂದ್ರಗಳ ಕಡೆಗೆ ಸರಿದರು. ಆಸ್ಪತ್ರೆಯಲ್ಲೇ ಉಳಿಯಬೇಕೆಂದರೆ ಮತ್ತೆ ಓದುವುದೊಂದೇ ದಾರಿ ಎಂಬುದು ಅವರಿಗೆ ಸ್ಪಷ್ಟವಾಯಿತು.

ಅಷ್ಟರಲ್ಲಿ, 1960ರ ದಶಕದ ಕೊನೆಗೆ, ನಾಗರಿಕ ಹಕ್ಕುಗಳ ಚಳವಳಿಯ ಗಾಳಿ ಆಸ್ಪತ್ರೆಯ ಕಾರ್ಮಿಕರಿಗೂ ತಾಗಿತ್ತು. ನ್ಯೂಯಾರ್ಕಿನ ಆಸ್ಪತ್ರೆ ನೌಕರರ 1199 ಸಂಘ 1969ರಲ್ಲಿ ಮಾಲೀಕರಿಂದ ತರಬೇತಿ ನಿಧಿಯೊಂದನ್ನು ಗಳಿಸಿತು. ಕಸ ಗುಡಿಸುವವರಿಂದ ಹಿಡಿದು ನರ್ಸ್‌ಗಳವರೆಗೆ ಸದಸ್ಯರು ಮೇಲಿನ ಹುದ್ದೆಗೆ ಓದಲು ಅದರಿಂದ ನೆರವು ಸಿಗತೊಡಗಿತು. ನ್ಯಾಷನಲ್ ಲೀಗ್ ಫಾರ್ ನರ್ಸಿಂಗ್ 1970ರಲ್ಲಿ ‘ತೆರೆದ ಪಠ್ಯಕ್ರಮ’ದ ಪರ ನಿಂತಿತು. ಒಮ್ಮೆ ಕಲಿತದ್ದನ್ನು ಮತ್ತೆ ಕಲಿಸದೆ, ಪರೀಕ್ಷಿಸಿ ಅಂಕ ಕೊಟ್ಟು ಮುಂದಿನ ಹಂತಕ್ಕೆ ಬಿಡಬೇಕು ಎಂಬುದು ಅದರ ತಿರುಳು. ‘ವೃತ್ತಿಯ ಏಣಿ’ ಎಂಬ ಮಾತು ಚಾಲ್ತಿಗೆ ಬಂದದ್ದು ಈ ವರ್ಷಗಳಲ್ಲಿ.

ಈ ವಿಚಾರವನ್ನು ಅದರ ಕೊನೆಯವರೆಗೂ ಕೊಂಡೊಯ್ದದ್ದು ನ್ಯೂಯಾರ್ಕ್ ರಾಜ್ಯದ ಬಾಹ್ಯ ಪದವಿ ಯೋಜನೆ. 1970ರ ದಶಕದ ಆರಂಭದಲ್ಲಿ ಶುರುವಾದ ಈ ಯೋಜನೆಗೆ ತರಗತಿಯೇ ಇರಲಿಲ್ಲ. ಎಲ್ಲಿ, ಹೇಗೆ ಕಲಿತಿರಿ ಎಂದು ಅದು ಕೇಳಲಿಲ್ಲ. ಗೊತ್ತಿದೆ ಎಂಬುದನ್ನು ತೋರಿಸಿದರೆ ಸಾಕಿತ್ತು. ಲಿಖಿತ ಪರೀಕ್ಷೆಗಳನ್ನು ದಾಟಿದ ಅಭ್ಯರ್ಥಿ ಕೊನೆಗೆ ನಿಜವಾದ ಆಸ್ಪತ್ರೆಯಲ್ಲಿ, ನಿಜವಾದ ರೋಗಿಗಳ ಮುಂದೆ, ಎರಡೂವರೆ ದಿನದ ಪ್ರಾಯೋಗಿಕ ಪರೀಕ್ಷೆ ಎದುರಿಸಬೇಕಿತ್ತು. ಕ್ಯಾರಿ ಲೆನ್‌ಬರ್ಗ್ ಮುಂದೆ ನಿಂತು ರೂಪಿಸಿದ ಆ ಪರೀಕ್ಷೆ ಕಠಿಣವಾದದ್ದು. ಸೋಂಕು ತಡೆಯುವ ನಿಯಮದಲ್ಲಿ ಅಥವಾ ಔಷಧದ ಲೆಕ್ಕದಲ್ಲಿ ಒಂದು ತಪ್ಪಾದರೂ ಆ ಭಾಗ ಹೋಯಿತೆಂದೇ ಅರ್ಥ. ದೇಶದ ಮೂಲೆಮೂಲೆಯ ಪ್ರಾಕ್ಟಿಕಲ್ ನರ್ಸ್‌ಗಳು ಅಡುಗೆಮನೆಯ ಮೇಜಿನ ಮೇಲೆ ಓದಿ ಈ ದಾರಿಯಿಂದ ರಿಜಿಸ್ಟರ್ಡ್ ನರ್ಸ್‌ಗಳಾದರು. ಈ ಯೋಜನೆಯೇ ಮುಂದೆ ಎಕ್ಸೆಲ್ಸಿಯರ್ ಕಾಲೇಜು ಆಯಿತು. ಮೇಲ್ವಿಚಾರಣೆಯ ಪ್ರಾಯೋಗಿಕ ತರಬೇತಿ ಸಾಲದು ಎಂಬ ಆಕ್ಷೇಪ ಅದನ್ನು ಬೆನ್ನಟ್ಟುತ್ತಲೇ ಇತ್ತು. 2000ದ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾ ಅದರ ಹೊಸ ಪದವೀಧರರಿಗೆ ಪರವಾನಗಿ ನಿಲ್ಲಿಸಿತು. ಅದೇ ಕ್ಯಾಲಿಫೋರ್ನಿಯಾದಲ್ಲಿ ವೊಕೇಷನಲ್ ನರ್ಸ್‌ಗಳಿಗೆ 30 ಯೂನಿಟ್‌ಗಳ ಒಂದು ಕಿರುದಾರಿ ಇದೆ. ಅಷ್ಟು ಓದಿದರೆ ಪದವಿ ಇಲ್ಲದೆಯೇ ರಿಜಿಸ್ಟರ್ಡ್ ನರ್ಸ್ ಪರೀಕ್ಷೆಗೆ ಕೂರಬಹುದು. ಆದರೆ ಹಾಗೆ ಪಡೆದ ಪರವಾನಗಿಯನ್ನು ಬೇರೆ ಅನೇಕ ರಾಜ್ಯಗಳು ಒಪ್ಪುವುದಿಲ್ಲ.

ನಾಲ್ಕು ವರ್ಷದ ಪದವಿಯನ್ನೇ ಕಡ್ಡಾಯ ಮಾಡಿ ನೋಡಿದ ಒಂದೇ ರಾಜ್ಯ ನಾರ್ತ್ ಡಕೋಟಾ. 1987ರಲ್ಲಿ ಅದು ರಿಜಿಸ್ಟರ್ಡ್ ನರ್ಸ್‌ಗೆ ಪದವಿಯನ್ನೂ ಪ್ರಾಕ್ಟಿಕಲ್ ನರ್ಸ್‌ಗೆ ಎರಡು ವರ್ಷದ ಕಾಲೇಜು ಓದನ್ನೂ ವಿಧಿಸಿತು. ನೆರೆರಾಜ್ಯಗಳು ಹಿಂಬಾಲಿಸಲಿಲ್ಲ. 2003ರಲ್ಲಿ ಶಾಸನಸಭೆ ಆ ನಿಯಮವನ್ನು ಹಿಂತೆಗೆದುಕೊಂಡಿತು.

ಬ್ರಿಟನ್ನಿನ ಕಥೆ ಇದರ ಸೋದರಸಂಬಂಧಿ, ಮತ್ತು ಇನ್ನೂ ನೋವಿನದು. ಅಲ್ಲಿ 1943ರ ನರ್ಸಸ್ ಕಾಯ್ದೆ ಯುದ್ಧಕಾಲದ ಕೊರತೆಗೆ ಉತ್ತರವಾಗಿ ಸಹಾಯಕ ನರ್ಸ್‌ಗಳ ಪಟ್ಟಿಯೊಂದನ್ನು ತೆರೆಯಿತು. 1961ರಲ್ಲಿ ‘ಸಹಾಯಕ’ ಎಂಬ ಪದ ಹೋಗಿ ಅವರು ಸ್ಟೇಟ್ ಎನ್‌ರೋಲ್ಡ್ ನರ್ಸ್ ಆದರು. ಅವರ ತರಬೇತಿ ಎರಡು ವರ್ಷದ್ದು, ಮೇಲ್ದರ್ಜೆಯವರದು ಮೂರು ವರ್ಷದ್ದು. ಮೂರು ವರ್ಷ ಕಲಿಯುವವರನ್ನು ‘ಸ್ಟೂಡೆಂಟ್’ ಎಂದೂ ಎರಡು ವರ್ಷ ಕಲಿಯುವವರನ್ನು ‘ಪ್ಯೂಪಿಲ್’ ಎಂದೂ ಕರೆಯುತ್ತಿದ್ದರು. 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದ ಮೇಲೆ ಕೆರಿಬಿಯನ್ ದ್ವೀಪಗಳಿಂದ ಬಂದ ಸಾವಿರಾರು ಯುವತಿಯರಲ್ಲಿ ಅನೇಕರನ್ನು, ಮೇಲ್ದರ್ಜೆಗೆ ಬೇಕಾದ ಶಾಲಾ ಅರ್ಹತೆ ಇದ್ದಾಗಲೂ, ಎರಡು ವರ್ಷದ ತರಬೇತಿಗೆ ಹಾಕಿದರು. ಎರಡರ ನಡುವಿನ ವ್ಯತ್ಯಾಸವನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಊರಿಗೆ ಮರಳಿ ಕೆಲಸ ಮಾಡೋಣವೆಂದರೆ ಅಲ್ಲಿ ಆ ಅರ್ಹತೆಗೆ ಮಾನ್ಯತೆ ಇರಲಿಲ್ಲ. ಬ್ರಿಟನ್ನಿನಲ್ಲೇ ಉಳಿದರೆ ವಾರ್ಡ್ ಸಿಸ್ಟರ್ ಹುದ್ದೆಯ ಬಡ್ತಿ ಸಿಗುತ್ತಿರಲಿಲ್ಲ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬರೇ ನೋಡಿಕೊಂಡವರು ಬೆಳಗಾದಾಗ ಕೆಳದರ್ಜೆಯ ಸಂಬಳದವರೇ.

1986ರ ‘ಪ್ರಾಜೆಕ್ಟ್ 2000’ ಯೋಜನೆ ನರ್ಸಿಂಗನ್ನು ಉನ್ನತ ಶಿಕ್ಷಣಕ್ಕೆ ಸೇರಿಸಿ, ಎನ್‌ರೋಲ್ಡ್ ನರ್ಸ್ ತರಬೇತಿಯನ್ನೇ ನಿಲ್ಲಿಸಲು ಹೇಳಿತು. ಆಗಲೇ ಆ ದರ್ಜೆಯಲ್ಲಿದ್ದವರಿಗೆ ಪರಿವರ್ತನಾ ಕೋರ್ಸುಗಳನ್ನು ತೆರೆದರು. ಸೀಟು ಕಡಿಮೆ, ಕಾಯುವವರು ಹೆಚ್ಚು. ಅಂಚೆಯ ಮೂಲಕ ಕಲಿಯುವ ಏರ್ಪಾಡು ಬಂದ ಮೇಲೆ ಹಲವರಿಗೆ ಅನುಕೂಲವಾಯಿತು. ನಿವೃತ್ತಿ ಹತ್ತಿರವಿದ್ದವರು, ಮನೆಯ ಹೊಣೆ ಬಿಡಲಾಗದವರು ಪರಿವರ್ತನೆಯಾಗದೆಯೇ ಉಳಿದರು. ಬ್ರಿಟನ್ನಿನ ನೋಂದಣಿ ಪುಸ್ತಕದಲ್ಲಿ ಅವರಿಗಾಗಿ ಎರಡನೇ ಹಂತದ ಒಂದು ವಿಭಾಗ ಉಳಿದುಕೊಂಡಿದೆ. 2019ರಲ್ಲಿ ಆ ದೇಶ ‘ನರ್ಸಿಂಗ್ ಅಸೋಸಿಯೇಟ್’ ಎಂಬ ಹೊಸ ದರ್ಜೆಯನ್ನು ಇಂಗ್ಲೆಂಡಿನಲ್ಲಿ ನೋಂದಾಯಿಸತೊಡಗಿತು. ಈ ದರ್ಜೆಯ ತರಬೇತಿಯೂ ಎರಡು ವರ್ಷದ್ದೇ. ಈ ಬಾರಿ ಮೇಲಕ್ಕೆ ಹೋಗುವ ದಾರಿಯನ್ನು ಆರಂಭದಲ್ಲೇ ಇಟ್ಟಿದ್ದಾರೆ. ಹಳೆಯ ತಪ್ಪಿನಿಂದ ಕಲಿತ ಪಾಠ ಅದೊಂದೇ ಎನ್ನಬೇಕು.

ಕೆನಡಾದಲ್ಲಿ ಪದವಿಯ ಓದು ಬೇಗ ಬಂತು. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ 1919ರಲ್ಲೇ ನರ್ಸಿಂಗ್ ಪದವಿ ಆರಂಭಿಸಿತು. ಪ್ರಾಕ್ಟಿಕಲ್ ನರ್ಸ್‌ಗಳ ಕಾಯ್ದೆಗಳು 1940ರ ದಶಕದಿಂದ ಒಂದೊಂದೇ ಪ್ರಾಂತ್ಯದಲ್ಲಿ ಬಂದವು, ಮ್ಯಾನಿಟೋಬಾ ಅವುಗಳಲ್ಲಿ ಮುಂಚೂಣಿಯದು. ಹೆಸರುಗಳ ಗೊಂದಲ ಇಲ್ಲಿ ಹೆಚ್ಚು. ಒಂಟಾರಿಯೋದಲ್ಲಿ ‘ರಿಜಿಸ್ಟರ್ಡ್ ನರ್ಸಿಂಗ್ ಅಸಿಸ್ಟೆಂಟ್’ ಎನಿಸಿಕೊಂಡಿದ್ದವರು 1993ರಲ್ಲಿ ‘ರಿಜಿಸ್ಟರ್ಡ್ ಪ್ರಾಕ್ಟಿಕಲ್ ನರ್ಸ್’ (ಆರ್‌ಪಿಎನ್) ಆದರು. ಬಹುಪಾಲು ಬೇರೆ ಪ್ರಾಂತ್ಯಗಳಲ್ಲಿ ಅವರು ‘ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್’. ಆರ್‌ಪಿಎನ್ ಎಂಬ ಮೂರಕ್ಷರಕ್ಕೆ ಪಶ್ಚಿಮದ ಪ್ರಾಂತ್ಯಗಳಲ್ಲಿ ಮನೋರೋಗ ನರ್ಸ್ ಎಂಬ ಬೇರೆಯೇ ಅರ್ಥವಿದೆ.

ಇಲ್ಲಿನ ತಿರುವು 2005. ಆ ವರ್ಷದಿಂದ ಒಂಟಾರಿಯೋದಲ್ಲಿ ಹೊಸದಾಗಿ ರಿಜಿಸ್ಟರ್ಡ್ ನರ್ಸ್ ಆಗುವವರಿಗೆ ನಾಲ್ಕು ವರ್ಷದ ಪದವಿ ಕಡ್ಡಾಯವಾಯಿತು, ಪ್ರಾಕ್ಟಿಕಲ್ ನರ್ಸ್‌ಗೆ ಎರಡು ವರ್ಷದ ಡಿಪ್ಲೊಮಾ. ಅಟ್ಲಾಂಟಿಕ್ ಕರಾವಳಿಯ ಪ್ರಾಂತ್ಯಗಳು 1990ರ ದಶಕದಲ್ಲೇ ಈ ದಿಕ್ಕಿಗೆ ತಿರುಗಿದ್ದವು. ಕ್ವಿಬೆಕ್ ಮಾತ್ರ ಕಾಲೇಜು ಡಿಪ್ಲೊಮಾವನ್ನು ಉಳಿಸಿಕೊಂಡಿತು. ಪದವಿ ಕಡ್ಡಾಯವಾದ ಮೇಲೆ ಪ್ರಾಕ್ಟಿಕಲ್ ನರ್ಸ್‌ನ ಮುಂದಿದ್ದ ದೂರ ಒಮ್ಮೆಲೇ ಹಿಗ್ಗಿತು. ಅದನ್ನು ದಾಟಿಸಲು ವಿಶ್ವವಿದ್ಯಾಲಯಗಳು ಸೇತುವೆ ಕೋರ್ಸುಗಳನ್ನು ತೆರೆದವು. ಆಲ್ಬರ್ಟಾದ ಅಥಬಾಸ್ಕ ವಿಶ್ವವಿದ್ಯಾಲಯ ದೂರಶಿಕ್ಷಣಕ್ಕೇ ಹೆಸರಾದದ್ದು. ಕೆಲಸದ ಅನುಭವವಿರುವ ಪ್ರಾಕ್ಟಿಕಲ್ ನರ್ಸ್‌ಗಳಿಗಾಗಿಯೇ ಅಲ್ಲಿ ಪದವಿಯೊಂದಿದೆ. ಒಂಟಾರಿಯೋದ ನಿಪಿಸ್ಸಿಂಗ್ ವಿಶ್ವವಿದ್ಯಾಲಯ ಪಾಠವನ್ನು ಆನ್‌ಲೈನ್‌ನಲ್ಲಿಯೂ ಪ್ರಾಯೋಗಿಕ ತರಬೇತಿಯನ್ನು ವಿದ್ಯಾರ್ಥಿಯ ಊರಿನ ಹತ್ತಿರದಲ್ಲಿಯೂ ನಡೆಸುವ ಏರ್ಪಾಡು ಮಾಡಿತು. ನೂರಾರು ಕಿಲೋಮೀಟರ್ ಹಿಮದ ನಡುವೆ ಒಂದೇ ಆಸ್ಪತ್ರೆಯಿರುವ ಊರುಗಳಲ್ಲಿ ಇದರ ಬೆಲೆ ದೊಡ್ಡದು. ಓದಲು ಊರು ಬಿಟ್ಟವರು ಮರಳಿ ಬರುವುದು ಕಡಿಮೆ, ಊರಲ್ಲೇ ಓದಿದವರು ಅಲ್ಲೇ ಉಳಿಯುತ್ತಾರೆ.

ಮರಳಿ ಬಂದವರು ಓದುವುದಾದರೂ ಏನನ್ನು? ಕೈಕೆಲಸವನ್ನು ಅವರಿಗೆ ಹೊಸದಾಗಿ ಕಲಿಸಬೇಕಾದ್ದು ಕಡಿಮೆ. ಅಮೆರಿಕದ ಬಹುಪಾಲು ಸೇತುವೆ ಕೋರ್ಸುಗಳ ಮೊದಲ ಪಾಠ ಪಾತ್ರದ ಬದಲಾವಣೆಯದು. ಪ್ರಾಕ್ಟಿಕಲ್ ನರ್ಸ್ ರೋಗಿಯ ಉಸಿರಾಟ ನಿಮಿಷಕ್ಕೆ ಎಷ್ಟೆಂದು ಎಣಿಸಿ ವರದಿ ಮಾಡುತ್ತಾರೆ. ಆ ಸಂಖ್ಯೆ ಏಕೆ ಏರಿತು, ಶ್ವಾಸಕೋಶದಲ್ಲಿ ನೀರು ತುಂಬಿತೇ, ಸೋಂಕು ರಕ್ತಕ್ಕೆ ಇಳಿಯಿತೇ, ಮೊದಲು ಯಾವ ರೋಗಿಯ ಬಳಿ ಓಡಬೇಕು ಎಂದು ನಿರ್ಧರಿಸಿ ಅದರ ಹೊಣೆ ಹೊರುವುದು ರಿಜಿಸ್ಟರ್ಡ್ ನರ್ಸ್‌ನ ಕೆಲಸ. ಅದಕ್ಕಾಗಿ ರೋಗದ ಶರೀರಶಾಸ್ತ್ರ, ಔಷಧಶಾಸ್ತ್ರ, ಸಮುದಾಯ ಆರೋಗ್ಯ, ಸಂಶೋಧನೆಯನ್ನು ಓದಿ ತೂಗುವ ಕ್ರಮ, ಸಂಖ್ಯಾಶಾಸ್ತ್ರ ಇವೆಲ್ಲ ಬರುತ್ತವೆ. ಅನುಭವಿಗಳಿಗೆ ರಾತ್ರಿಯ ರೋಗಿ ಹೇಗಿದ್ದಾನೆಂದು ಮುಖ ನೋಡಿಯೇ ತಿಳಿಯುತ್ತದೆ. ಹಾಗೆ ತಿಳಿದದ್ದನ್ನು ಕಾರಣಸಮೇತ ಬರಹದಲ್ಲಿ ಇಡುವುದು ಅವರಿಗೆ ಕಷ್ಟದ ಭಾಗ. ಇದನ್ನು ಅರಿತ ಕೋರ್ಸುಗಳು ಬರವಣಿಗೆಗೂ ಲೆಕ್ಕಕ್ಕೂ ಮೊದಲ ಅವಧಿಯಲ್ಲೇ ಹೆಚ್ಚು ಸಮಯ ಕೊಡುತ್ತವೆ.

ಭಾರತಕ್ಕೂ ಈ ಏಣಿ ಹೊಸದಲ್ಲ. ಇಲ್ಲಿ ಎ.ಎನ್.ಎಂ. (ಸಹಾಯಕ ನರ್ಸ್ ಮಿಡ್‌ವೈಫ್) ತರಬೇತಿ 1951ರಲ್ಲಿ ಪಂಜಾಬಿನ ತರನ್ ತಾರನ್‌ನಲ್ಲಿ ಆರಂಭವಾಯಿತು. ಎ.ಎನ್.ಎಂ. ನೋಂದಣಿ ಇರುವವರು ಜಿ.ಎನ್.ಎಂ. (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಡಿಪ್ಲೊಮಾ ಸೇರಬಹುದು, ಜಿ.ಎನ್.ಎಂ. ಮುಗಿಸಿದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಓದಬಹುದು. ಬೆಂಗಳೂರು, ಮಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಕೆನಡಾಕ್ಕೆ ಹೋದವರಿಗೆ ಆ ದೇಶದ ಏಣಿಯ ಪರಿಚಯ ಬೇರೆ ರೀತಿಯಲ್ಲಿ ಆಗುತ್ತದೆ. ವಿದೇಶದಲ್ಲಿ ಓದಿದ ನರ್ಸ್‌ಗಳ ಅರ್ಹತೆಯನ್ನು ತೂಗಲು 2014ರಲ್ಲಿ ಅಲ್ಲಿ ರಾಷ್ಟ್ರಮಟ್ಟದ ಸೇವೆಯೊಂದು ಶುರುವಾಯಿತು. ಇಲ್ಲಿ ಪೂರ್ಣ ನರ್ಸ್ ಆಗಿದ್ದವರಲ್ಲಿ ಹಲವರು ಅಲ್ಲಿ ಮೊದಲು ಪ್ರಾಕ್ಟಿಕಲ್ ನರ್ಸ್ ಆಗಿ ನೋಂದಾಯಿಸಿಕೊಂಡು, ಸಂಪಾದಿಸುತ್ತಲೇ ಸೇತುವೆ ಕೋರ್ಸು ಓದುತ್ತಾರೆ. ಒಂದೇ ವಿದ್ಯೆಗೆ ಎರಡು ಸಲ ಶುಲ್ಕ ಕಟ್ಟುವ ಈ ಸ್ಥಿತಿ ಇನ್ನೂ ಪೂರ್ತಿ ಬಗೆಹರಿದಿಲ್ಲ.

ಕೋವಿಡ್ ಸಾಂಕ್ರಾಮಿಕದ ನಂತರ ಕೊರತೆ ಮತ್ತೆ ತಲೆಯೆತ್ತಿದಾಗ ಒಂಟಾರಿಯೋ ಸರ್ಕಾರ ಮರಳಿ ಓದುವ ಪ್ರಾಕ್ಟಿಕಲ್ ನರ್ಸ್‌ಗಳ ಶುಲ್ಕಕ್ಕೆ ಅನುದಾನ ಕೊಡತೊಡಗಿತು. ಓದಿದ ಮೇಲೆ ವೃದ್ಧರ ಆರೈಕೆ ಕೇಂದ್ರಗಳಲ್ಲಿ ಅಥವಾ ಮನೆ ಆರೈಕೆಯಂಥ ಸೇವೆಗಳಲ್ಲಿ ನಿಗದಿತ ಅವಧಿ ದುಡಿಯಬೇಕೆಂಬುದು ಅದರ ಷರತ್ತು. ಅಮೆರಿಕದಲ್ಲಿ 2020ರ ದಶಕದ ಆರಂಭದಲ್ಲಿ 6 ಲಕ್ಷಕ್ಕೂ ಹೆಚ್ಚು ಪ್ರಾಕ್ಟಿಕಲ್ ನರ್ಸ್‌ಗಳು, 30 ಲಕ್ಷಕ್ಕೂ ಹೆಚ್ಚು ರಿಜಿಸ್ಟರ್ಡ್ ನರ್ಸ್‌ಗಳು ಕೆಲಸದಲ್ಲಿದ್ದರು. ಯಾವ ದಾರಿಯಿಂದ ಬಂದರೂ ಕೊನೆಯ ಬಾಗಿಲು ರಿಜಿಸ್ಟರ್ಡ್ ನರ್ಸ್ ಪರವಾನಗಿಯ ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆ. ಅಮೆರಿಕದಲ್ಲಿ ಅದು ಕಂಪ್ಯೂಟರಿಗೆ ಬಂದದ್ದು 1994ರಲ್ಲಿ, ಕೆನಡಾದ ಬಹುಪಾಲು ಪ್ರಾಂತ್ಯಗಳು ಅದನ್ನು ಅಳವಡಿಸಿಕೊಂಡದ್ದು 2015ರಲ್ಲಿ. 2023ರಿಂದ ಅದರಲ್ಲಿ ಕನಿಷ್ಠ 85, ಗರಿಷ್ಠ 150 ಪ್ರಶ್ನೆಗಳಿವೆ. ಮೂವತ್ತು ವರ್ಷ ವಾರ್ಡಿನಲ್ಲಿ ನಿಂತವರಿಗೂ ನಿನ್ನೆ ಪದವಿ ಮುಗಿಸಿದವರಿಗೂ ಪರೀಕ್ಷೆ ಅದೇ.